ನಾತಕ್ಕೆ ಅಭಿನಂದನೆ

ನಮ್ಮ ಭಾವನವರ ಬೇಕರಿಯಲ್ಲಿ ಗಡಿಯಾರ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಒಲೆಯೊಳಗೆ ಬ್ರೆಡ್ಡಿನ ಟ್ರೇ ತಳ್ಳಿ, ಮುಂದಿನ ಕೋಣೆಯಲ್ಲಿ ಗಿರಾಕಿಗಳ ಜೊತೆ ಲೋಕಾಭಿರಾಮ ಮಾತಾಡುತ್ತಾ ಕೂರುವರು. ಮಾತಿನ ನಡುವೆಯೇ ತಟ್ಟನೆ ಎದ್ದು ಒಳಗೆ ಹೋಗುವರು. ಬೆಂದದ್ದು ಅವರಿಗೆ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಎದುರು ಸಾಲಿನಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನಾನು ಬೇಕೆಂತಲೇ ಮಾತಿಗೆಳೆದು ಎಷ್ಟೋ ಸಲ ಪರೀಕ್ಷೆ ಮಾಡಿದ್ದೇನೆ. ಒಮ್ಮೆಯೂ ತಪ್ಪಿದವರಲ್ಲ.

ಅಂಥವರಿಗೆ ಒಂದು ಜ್ವರ ಬಂತು. ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಆ ವಾರವೇ ಬ್ರೆಡ್ಡು ಸುಟ್ಟು ಇದ್ದಿಲಾಯಿತು; ಹೊಗೆ ಕಣ್ಣಿಗೆ ಬಿದ್ದ ಮೇಲಷ್ಟೇ ಭಾವ ಓಡಿದ್ದು. ಡಾಕ್ಟರು ನೋಡಿ, "ಕಾಯಬೇಕು, ತಾನಾಗಿಯೇ ಬಂದರೂ ಬರಬಹುದು" ಎಂದರು. ಕಾಯುವ ಮಾತು ಭಾವನವರಿಗೆ ಹಿಡಿಸಲಿಲ್ಲ. ಮೊಬೈಲ್ ಹಿಡಿದು ಕೂತರು.

ನನ್ನ ತಲೆನೋವು ಶುರುವಾದದ್ದು ಅಲ್ಲಿಂದ. ಒಂದು ವಿಡಿಯೊದವನು ಕಿತ್ತಳೆಯನ್ನು ಸುಟ್ಟು ಬಿಸಿಬಿಸಿ ತಿನ್ನಿ ಎಂದ. ಇವರು ತಿಂದು ನಾಲಿಗೆ ಸುಟ್ಟುಕೊಂಡರು. ಇನ್ನೊಬ್ಬ ಮೂಗಿಗೆ ಬೆಳ್ಳುಳ್ಳಿ ರಸ ಬಿಟ್ಟುಕೊಳ್ಳಿ ಎಂದ. ಬಿಟ್ಟುಕೊಂಡು ಅಂಗಡಿ ತುಂಬ ಕುಣಿದರು.

"ಭಾವ, ಅವನ ಕೈಗೆ ನಿಮ್ಮ ಒಲೆ ಕೊಡ್ತೀರಾ? ಮತ್ತೆ ಮೂಗು ಯಾಕೆ ಕೊಡ್ತೀರಿ?" ಎಂದು ರೇಗಿದೆ.

"ನಿನಗೇನೋ, ನಿನ್ನ ಮೂಗು ನೆಟ್ಟಗಿದೆ" ಎಂದರು.

ಅಕ್ಕ ತನ್ನ ಮೊಬೈಲಿನಲ್ಲಿ ಅಲಾರಂ ಇಟ್ಟಳು. ಅದು ಕೂಗಿದಾಗ ಟ್ರೇ ತೆಗೆಯುವುದು. ಬ್ರೆಡ್ಡು ಕೆಡಲಿಲ್ಲ, ಆದರೆ ಮನುಷ್ಯ ಕುಗ್ಗಿಹೋದರು. "ಇನ್ನು ಇದು ನನ್ನ ಕೆಲಸ ಅಲ್ಲ, ಆ ಮೊಬೈಲಿಂದು" ಎಂದು ಗೊಣಗುತ್ತಾ, ತಿಂಗಳ ಕೊನೆಗೆ ಬೇಕರಿ ಮುಚ್ಚುತ್ತೇನೆಂದು ಕಟ್ಟಡದ ಮಾಲೀಕರಿಗೆ ಹೇಳಿಯೂ ಬಂದರು.

ಆಗ ಅಕ್ಕನೇ ಹುಡುಕಾಡಿ ವಾಸನೆ ಕಳೆದುಕೊಂಡವರ ಗುಂಪೊಂದನ್ನು ಇಂಟರ್ನೆಟ್ಟಿನಲ್ಲಿ ಹಿಡಿದಳು. ಮೊದಲ ಸಾಲಿನಲ್ಲೇ "ಇಲ್ಲಿ ಔಷಧಿ ಮಾರುವ ಹಾಗಿಲ್ಲ, ನಿಮ್ಮ ಡಾಕ್ಟರನ್ನು ಬಿಡುವ ಹಾಗೂ ಇಲ್ಲ" ಎಂದಿತ್ತು. ನನಗೂ ಸ್ವಲ್ಪ ಗೌರವ ಬಂತು. ಗುಂಪು ನಡೆಸುತ್ತಿದ್ದವರು ಕೆಲಸದಿಂದ ನಿವೃತ್ತರಾದ ಒಬ್ಬ ನರ್ಸಮ್ಮ. ಅಲ್ಲಿ ಎಲ್ಲರಿಗೂ ಅಡ್ಡಹೆಸರು. ಭಾವ "ಆರಿದ ಒಲೆ" ಎಂದು ಸೇರಿಕೊಂಡರು. ನರ್ಸಮ್ಮ ಹೇಳಿದಂತೆ, ಡಾಕ್ಟರನ್ನೂ ಕೇಳಿಕೊಂಡು, ನಿಂಬೆ, ಲವಂಗ, ಗುಲಾಬಿ, ನೀಲಗಿರಿಯ ಪುಟ್ಟ ಶೀಶೆಗಳನ್ನಿಟ್ಟು ಬೆಳಿಗ್ಗೆ ಸಂಜೆ ಮೂಸತೊಡಗಿದರು. ಮೂಸುವಾಗ ಆ ವಾಸನೆ ಹೇಗಿತ್ತೆಂದು ನೆನಪು ಮಾಡಿಕೊಳ್ಳಬೇಕಂತೆ. ಏನೂ ಬರಲಿಲ್ಲ. "ಇವತ್ತೂ ಏನಿಲ್ಲ" ಎಂದು ಬರೆದರೆ, "ನಮಗೂ ಏನಿಲ್ಲ, ನಾಳೆ ಸಿಗೋಣ" ಎಂದು ಗುರುತು ಪರಿಚಯವಿಲ್ಲದ ಎಷ್ಟೋ ಜನ ಉತ್ತರಿಸುವರು. ಭಾವ ಅದನ್ನೋದಿ ನಗುವರು. ನಾವು ಎಷ್ಟು ಸಮಾಧಾನ ಹೇಳಿದರೂ ಬಾರದಿದ್ದ ನಗು ಅದು. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು.

ಒಂದು ಬೆಳಿಗ್ಗೆ ಭಾವ ರಸ್ತೆ ದಾಟಿ ಬಂದು, "ಬಾರೋ, ಒಳಗೆಲ್ಲೋ ಇಲಿ ಸತ್ತಿದೆ" ಎಂದರು. ಟ್ರೇ, ಡಬ್ಬ, ಹಿಟ್ಟಿನ ಚೀಲ ಎಲ್ಲ ಬೀದಿಗೆ ಬಂದವು. ನಾನು ಕಪಾಟಿನ ಅಡಿ ತೂರಿ ತಲೆಯೆಲ್ಲ ಹಿಟ್ಟು ಮಾಡಿಕೊಂಡೆ. ಇಲಿಯ ಬಾಲವೂ ಸಿಗಲಿಲ್ಲ.

ಕೊನೆಗೆ ಅಕ್ಕ, "ರೀ, ಇಲ್ಲಿ ಬ್ರೆಡ್ಡಿನ ವಾಸನೆ ಬಿಟ್ಟು ಬೇರೇನೂ ಇಲ್ಲ" ಎಂದಳು.

ಭಾವ ಒಂದು ಬ್ರೆಡ್ಡು ಮುರಿದು ಮೂಗಿನ ಹತ್ತಿರ ತಂದರು. ತಂದವರೇ ಮುಖ ಕಿವುಚಿ ಕೆಳಗಿಟ್ಟರು. ತಾವೇ ಬೇಯಿಸಿದ ಬ್ರೆಡ್ಡು ಅವರಿಗೆ ಸತ್ತ ಇಲಿಯ ಹಾಗೆ ನಾರುತ್ತಿತ್ತು. ಹಿಟ್ಟಿನ ಚೀಲದ ಮೇಲೆ ಕುಸಿದು ಕೂತು ಅತ್ತರು.

ಅಕ್ಕ ಅಲ್ಲೇ ನಿಂತು ಗುಂಪಿಗೆ ಬರೆದಳು. ಬಂದ ಉತ್ತರಗಳನ್ನು ಗಟ್ಟಿಯಾಗಿ ಓದಿದಳು: "ನಾತ ಬಂತಾ? ಅಭಿನಂದನೆ." "ಆರಿದ ಒಲೆಯವರೇ, ಎಲ್ಲರಿಗೂ ಸಿಹಿ ಕೊಡಿಸಿ." ಅಳುವವರ ಮುಂದೆ ಇದೆಂಥ ತಮಾಷೆ ಎಂದು ನನ್ನ ಮೈ ಉರಿಯಿತು. ಆಮೇಲೆ ನರ್ಸಮ್ಮನ ಉತ್ತರ ಬಂತು. "ಗಾಬರಿ ಬೇಡ. ಮಲಗಿದ್ದ ನರ ಎಚ್ಚರ ಆಗೋವಾಗ ವಾಸನೆ ತಪ್ಪುತಪ್ಪಾಗಿ ಹೇಳುತ್ತೆ. ನಮ್ಮಲ್ಲಿ ಬಹಳ ಜನಕ್ಕೆ ಹೀಗೇ ಆಗಿ ಆಮೇಲೆ ತಿಳಿಯಾಗಿದೆ. ಖಾತ್ರಿ ಅಂತ ಹೇಳಲ್ಲ, ಡಾಕ್ಟರಿಗೂ ತೋರಿಸಿ. ಶೀಶೆ ಮಾತ್ರ ಬಿಡಬೇಡಿ." ಡಾಕ್ಟರೂ ಅದನ್ನೇ ಹೇಳಿದರು.

ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಅಕ್ಕ ಹೇಳಿದರೆ, "ಬಂದಿರೋದನ್ನ ಯಾಕೆ ತಡೀಲಿ" ಎಂದು ಭಾವ ಆ ನಾತದಲ್ಲೇ ದಿನವಿಡೀ ಒಲೆಯ ಮುಂದೆ ನಿಂತರು.

ತಿಂಗಳು ಮುಗಿಯುತ್ತಾ ಬಂದಿತ್ತು. ಮುಂದಿನ ಕೋಣೆಯಲ್ಲಿ ಕೂತು ನಾನು ಯಾರದೋ ತುಕ್ಕು ಹಿಡಿದ ಬೀಗದ ಕತೆ ಹೇಳುತ್ತಿದ್ದೆ. ಕೇಳುತ್ತಿದ್ದ ಭಾವ ಕತೆಯ ನಡುವೆಯೇ ತಟ್ಟನೆ ಎದ್ದು ಒಳಗೆ ಹೋದರು. ಒಲೆಯ ಬಾಗಿಲು ತೆರೆದ ಸದ್ದಾಯಿತು.

ಅಕ್ಕ ಹಿಂದೆಯೇ ಓಡಿದಳು. "ರೀ, ಅಲಾರಂ ಇನ್ನೂ ಹೊಡೆದಿಲ್ಲ."

ಟ್ರೇಯ ತುಂಬ ಹದವಾಗಿ ಬೆಂದ ಬ್ರೆಡ್ಡು.

"ಹಸಿ ನಾತ ಬೇರೆ, ಬೆಂದ ನಾತ ಬೇರೆ ಕಣೇ. ಎರಡೂ ನಾತಾನೇ, ಆದ್ರೆ ಗೊತ್ತಾಗುತ್ತೆ."

ಅಷ್ಟರಲ್ಲಿ ಅಲಾರಂ ಕೂಗಿತು. ಅಕ್ಕ ಕಣ್ಣೊರೆಸಿಕೊಂಡು ಅದನ್ನು ನಿಲ್ಲಿಸಿದಳು, ಮತ್ತೆ ಹೊಡೆಯದಂತೆ ಅಳಿಸಿಯೂ ಹಾಕಿದಳು. ಭಾವ ಕೈಯ ಹಿಟ್ಟು ಒರೆಸಿಕೊಂಡು, "ಮೊಬೈಲ್ ಇಲ್ಲಿ ಕೊಡು. ಮಾಲೀಕರಿಗೆ ಫೋನ್ ಮಾಡಬೇಕು, ಬೇಕರಿ ಮುಚ್ಚಲ್ಲ ಅಂತ" ಎಂದರು.