ಮೂರು ವರ್ಷದ ನಿಷೇಧ, ನನ್ನ ಕೈಬರಹದಲ್ಲಿ

‘ಮೂರು ವರ್ಷ’ ಎಂದು ಬರೆದವನು ನಾನು. ತೀರ್ಮಾನ ಮೂವರದು, ಬರಹ ಮಾತ್ರ ನನ್ನದು. ಜಿಲ್ಲೆಯ ಕಬಡ್ಡಿ ಸಮಿತಿಯಲ್ಲಿ ಶಿಸ್ತಿನ ವಿಚಾರಣೆ ನಡೆಸುವ ಮೂವರಲ್ಲಿ ಅಕ್ಷರ ದುಂಡಗಿದ್ದದ್ದು ನನ್ನದೇ ಆದ್ದರಿಂದ ಶಿಕ್ಷೆಯ ಪತ್ರಗಳನ್ನೆಲ್ಲ ನಾನೇ ಬರೆಯುತ್ತಿದ್ದೆ. ವಯಸ್ಸು ಮುಚ್ಚಿಟ್ಟವನು, ಅಂಪೈರ್ ಮೇಲೆ ಕೈ ಎತ್ತಿದವನು, ಒಂದೇ ವಾರದಲ್ಲಿ ಎರಡು ತಂಡಕ್ಕೆ ಆಡಿದವನು, ಹೀಗೆ ಎಷ್ಟು ಜನರಿಗೆ ಬರೆದೆನೋ ನೆನಪಿಲ್ಲ. ಬರೆದು, ಸೀಲು ಒತ್ತಿ, ಕಾರವಾರದಲ್ಲಿ ಬಸ್ಸು ಹತ್ತಿ ಅಂಕೋಲೆಯ ಮನೆಗೆ ಬಂದು ಸ್ನಾನ ಮಾಡಿದರೆ ಮರೆತುಹೋಗುತ್ತಿತ್ತು. ಇದೊಂದು ಮರೆಯಲಿಲ್ಲ.

ಆಗ ನಾನು ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ, ರಜೆಯ ದಿನಗಳಲ್ಲಿ ಕಬಡ್ಡಿಗೆ ಅಂಪೈರ್. ಅದಕ್ಕೂ ಎರಡು ಮೂರು ವರ್ಷ ಹಿಂದೆ, ಕ್ರಿಕೆಟ್ಟಿನ ದೊಡ್ಡ ದೊಡ್ಡವರು ದುಡ್ಡು ತಿಂದು ಆಟ ಬಿಟ್ಟುಕೊಟ್ಟರೆಂಬ ಸುದ್ದಿ ಬಂದಾಗ ನಮ್ಮ ಶಿಕ್ಷಕರ ಕೋಣೆಯಲ್ಲಿ ದಿನವೂ ಅದೇ ಮಾತು. ಜೀವಮಾನವಿಡೀ ನಿಷೇಧ ಹಾಕಿದರೆ ಸಾಕೋ ಸಾಲದೋ ಎಂದು ಚಹಾ ಕುಡಿಯುತ್ತ ವಾದ ಮಾಡುತ್ತಿದ್ದೆವು. ಸಾಲದು, ಜೈಲಿಗೇ ಹಾಕಬೇಕು ಎಂದವರಲ್ಲಿ ನಾನು ಮೊದಲಿಗ. ಗಣಿತದ ಮಾಸ್ತರೊಬ್ಬರು, “ಆಡಿದವ್ರಿಗೆ ಆಯ್ತು. ಆಡ್ಸಿದವ್ರಿಗೆ?” ಎಂದು ಕೇಳಿದ್ದರು. ಅಷ್ಟರಲ್ಲಿ ಗಂಟೆ ಹೊಡೆಯಿತು, ಎಲ್ಲರೂ ಎದ್ದೆವು.

ಅಂಕೋಲೆಗೆ ವರ್ಗವಾಗುವ ಮೊದಲು ಎಂಟು ವರ್ಷ ನಾನು ಸದಾಶಿವಗಡದ ಬದಿಯ ಶಾಲೆಯಲ್ಲಿದ್ದೆ. ಆ ಮೂರು ವರ್ಷವನ್ನು ಯಾರಿಗೆ ಬರೆದೆನೋ ಅವನು ಕಾರವಾರ ತಾಲೂಕಿನ ಚಿತ್ತಾಕುಲದಿಂದ ಅಲ್ಲಿಗೆ ಬರುತ್ತಿದ್ದ ವಿದ್ಯಾರ್ಥಿ. ಮನೆಮಾತು ಕೊಂಕಣಿ. ಕನ್ನಡದಲ್ಲಿ ಏನಾದರೂ ಹೇಳಬೇಕಾದರೆ ಮೊದಲು ನಗುತ್ತಿದ್ದ, ಆಮೇಲೆ ಮಾತು ಹೊರಡುತ್ತಿತ್ತು. ಕಾಳಿ ನದಿ ಸಮುದ್ರ ಸೇರುವಲ್ಲಿನ ಮರಳಿನಲ್ಲಿ ಓಡಿಸಿ ಓಡಿಸಿ ಅವನ ಕಾಲು ಗಟ್ಟಿ ಮಾಡಿದವನು ನಾನು. ಎದುರಾಳಿಗಳ ಅಂಕಣಕ್ಕೆ ರೈಡ್ ಹೋಗುವ ಮುಂಚೆ ಎಡ ಹಿಮ್ಮಡಿಯನ್ನು ಮಧ್ಯಗೆರೆಯ ಮೇಲೆ ಎರಡು ಸಲ ಕುಟ್ಟುವುದು ಅವನ ರೂಢಿ. ಹೊತ್ತು ಹಾಳು ಮಾಡಬೇಡ ಎಂದು ಎಷ್ಟು ಬೈದರೂ ಬಿಡಲಿಲ್ಲ.

ಇಪ್ಪತ್ತೆರಡಕ್ಕೆ ಅವನು ಹೊರ ಜಿಲ್ಲೆಯ ಒಂದು ಕಾರ್ಖಾನೆಯ ತಂಡ ಸೇರಿದ. ಹೆಸರಿಗೆ ಗೋದಾಮಿನಲ್ಲಿ ಕೆಲಸ, ಮಾಡುವ ಕೆಲಸ ಕಬಡ್ಡಿ. ಕರಾರು ವರ್ಷ ವರ್ಷ ಹೊಸದಾಗಬೇಕು. ಕಾರ್ಖಾನೆಯನ್ನು ಬಿಟ್ಟು ಬೇರೆ ಯಾರ ಪರವಾಗಿಯೂ ಆಡಕೂಡದು. ಕಬಡ್ಡಿ ಆಡಿ ಸಂಬಳ ತರುವವರು ಆಗ ನಮ್ಮ ಕಡೆ ಬೆರಳೆಣಿಕೆಯಷ್ಟು. ಅವನನ್ನು ಆಯ್ಕೆಗೆ ತಮ್ಮ ಜೀಪಿನಲ್ಲಿ ಕೂರಿಸಿಕೊಂಡು ಹೋದವರು ಅಂಕೋಲೆಯ ಒಬ್ಬ ಗುತ್ತಿಗೆದಾರರು. ರಸ್ತೆ, ಮೋರಿ ಕಟ್ಟಿಸುವುದು ಅವರ ಕಸುಬು. ಜೊತೆಗೆ ಒಂದು ಕಬಡ್ಡಿ ತಂಡ ಸಾಕಿದ್ದರು. ಆ ಉಪಕಾರ ಮರೆಯದಂತೆ ಅವರೂ ನೋಡಿಕೊಂಡಿರಬೇಕು.

ಮೇ ತಿಂಗಳ ಒಂದು ಭಾನುವಾರ ಅಂಕೋಲೆಯಲ್ಲಿ ತಾಲೂಕು ಮಟ್ಟದ ಪಂದ್ಯಗಳು. ತಾಲೂಕಿನವರೇ ಆಡಬೇಕು, ಹೆಸರಿನ ಪಟ್ಟಿ ಮೊದಲೇ ಕೊಟ್ಟಿರಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಗುತ್ತಿಗೆದಾರರ ತಂಡದ ಪಂದ್ಯ. ನಾನು ಅಂಪೈರ್. ಅವರ ತಂಡದ ಏಳು ಜನರಲ್ಲಿ ತಲೆ ನುಣ್ಣಗೆ ಬೋಳಿಸಿ ಮೀಸೆ ತೆಗೆದಿದ್ದ ಒಬ್ಬ ಮಧ್ಯಗೆರೆಗೆ ಬಂದ. ಎಡ ಹಿಮ್ಮಡಿಯನ್ನು ಎರಡು ಸಲ ಕುಟ್ಟಿದ.

ಪಟ್ಟಿಯಲ್ಲಿ ಅವನು ಬೇರೆ ಯಾರೋ. ಮಣಿಕಟ್ಟು ಮುರಿದುಕೊಂಡು ಮನೆಯಲ್ಲಿದ್ದ ಅಂಕೋಲೆಯ ಆಟಗಾರನೊಬ್ಬನ ಹೆಸರಿನಲ್ಲಿ ಸಹಿ ಹಾಕಿ ಇಳಿದಿದ್ದ. ಸೀಟಿ ನನ್ನ ಬಾಯಲ್ಲೇ ಇತ್ತು. ಆಗಲೇ ಊದಿದ್ದರೆ ಅವನನ್ನು ಹೊರಗೆ ಕಳಿಸಿ, ನಾಲ್ಕು ಮಾತು ಬೈದು, ಅಲ್ಲಿಗೇ ಮುಗಿಸಬಹುದಿತ್ತು.

ನಾನು ಊದಲಿಲ್ಲ. ಅಂದು ನನಗದು ನಾಲ್ಕನೆಯ ಪಂದ್ಯ, ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಆಟ ನಿಲ್ಲಿಸಿದರೆ ಜನ ಅಂಕಣಕ್ಕೆ ನುಗ್ಗುತ್ತಾರೆ, ಗುತ್ತಿಗೆದಾರರು ವೇದಿಕೆಯಿಂದ ಇಳಿದು ಬರುತ್ತಾರೆ, ಸಂಜೆಯವರೆಗೂ ಅದೇ ಗೋಳು. ಇದೆಲ್ಲ ನಿಜ. ಇನ್ನೊಂದೂ ನಿಜ. ನಾಲ್ಕು ವರ್ಷದ ಮೇಲೆ ಅವನ ಆಟ ಕಣ್ಣೆದುರು ಇತ್ತು, ನೋಡಬೇಕೆನಿಸಿತು. ಮೂವರ ನಡುವೆ ಸಿಕ್ಕಿಬಿದ್ದು, ಒಂದೇ ಅಂಗೈಯಷ್ಟು ಜಾಗದಲ್ಲಿ ಮೈ ತಿರುಗಿಸಿ ಗೆರೆ ಮುಟ್ಟಿದಾಗ ನನಗೇ ಎದೆಯುಬ್ಬಿತು. ಅರ್ಧ ಆಟ ಮುಗಿದು ಬದಿ ಬದಲಿಸುವಾಗ ಅವನು ನನ್ನ ಪಕ್ಕದಲ್ಲೇ ಹಾದು ತಲೆ ತಗ್ಗಿಸಿದ. ನಾನು ಕೈಗಡಿಯಾರ ನೋಡಿಕೊಂಡೆ. ಅವರು ಗೆದ್ದರು.

ಗೆದ್ದ ತಂಡದ ಫೋಟೋ ಪತ್ರಿಕೆಯಲ್ಲಿ ಬಂತು. ಸೋತ ತಂಡದವರು ಅದನ್ನೂ ಅವನ ಹಳೆಯ ಫೋಟೋವನ್ನೂ ಒಟ್ಟಿಗೆ ಪಿನ್ನು ಮಾಡಿ ಸಮಿತಿಗೆ ದೂರು ಕೊಟ್ಟರು. ಹದಿನೈದು ದಿನದ ಮೇಲೆ ಕಾರವಾರದಲ್ಲಿ ವಿಚಾರಣೆ. ನಾನು ಆ ದಿನ ಜ್ವರವೆಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೋದೆ. ಅಧ್ಯಕ್ಷರು, ಒಬ್ಬ ಹಳೆಯ ಆಟಗಾರರು ಮತ್ತು ನಾನು ಮೇಜಿನ ಈಚೆ. ಗುತ್ತಿಗೆದಾರರಿಗೆ ಕುರ್ಚಿ ಹಾಕಿದ್ದರು. ಅವನು ನಿಂತಿದ್ದ. ತಲೆಯ ಮೇಲೆ ಕೂದಲು ಆಗಷ್ಟೇ ಮೂಡುತ್ತಿತ್ತು.

ಅಧ್ಯಕ್ಷರು ಮೊದಲು ನನ್ನ ಕಡೆಗೇ ತಿರುಗಿದರು. “ನೀವೇ ಅಂಪೈರ್ ಇದ್ರಿ ಅಲ್ಲಾ? ನಿಮ್ಗೆ ಗುರ್ತ ಸಿಗ್ಲಿಲ್ವಾ?”

“ಇಲ್ಲ,” ಎಂದೆ. “ತಲೆ ಬೋಳ್ಸಿದ್ದ.”

ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಆಮೇಲೆ ಕಿಟಕಿಯ ಕಡೆ ನೋಡಿದ.

“ಯಾರು ಕರ್ಸಿದ್ದು ನಿನ್ನ?” ಎಂದು ಅಧ್ಯಕ್ಷರು ಅವನನ್ನು ಕೇಳಿದರು.

“ಯಾರೂ ಇಲ್ಲ. ನಾನೇ ಬಂದೆ.”

ಗುತ್ತಿಗೆದಾರರು ಕೈಯೆತ್ತಿ, “ನಂಗೆಂತ ಗೊತ್ತು ಹೇಳಿ? ಪಟ್ಟಿ ಹುಡುಗ್ರು ಮಾಡ್ತ್ರು, ನಾ ಸಹಿ ಹಾಕ್ತೆ. ಇಷ್ಟು ವರ್ಷ ಆಟಕ್ಕೋಸ್ಕರ ಜೀವ ತೇಯ್ದವ ನಾನು,” ಎಂದರು. ಅಧ್ಯಕ್ಷರು ತಲೆಯಾಡಿಸಿದರು. ಮುಂದಿನ ಜಿಲ್ಲಾ ಪಂದ್ಯಗಳಿಗೆ ಚಪ್ಪರ ಹಾಕಿಸುವವರು ಇವರೇ ಎಂದು ಎಲ್ಲರಿಗೂ ಗೊತ್ತಿತ್ತು.

ಇಬ್ಬರನ್ನೂ ಹೊರಗೆ ಕಳಿಸಿ ನಾವು ಮೂವರು ಕೂತೆವು. ಹಳೆಯ ಆಟಗಾರರು ಐದು ವರ್ಷ ಅಂದರು. ನಾನು ಒಂದು ವರ್ಷ ಅಂದೆ. ಯಾಕೆ ಅಷ್ಟು ಕಡಿಮೆ ಎಂದು ಅವರು ಕೇಳಿದರು. ಮುಂದೆ ವಾದ ಮಾಡಿದರೆ ನನ್ನ ಹೊಟ್ಟೆಯೊಳಗಿನದು ಹೊರಬಿದ್ದೀತೆಂದು ಸುಮ್ಮನಾದೆ. ಊಟದ ಹೊತ್ತು ಮೀರುತ್ತಿತ್ತು. “ಐದೂ ಬೇಡ, ಒಂದೂ ಬೇಡ. ಮೂರು ಬರೀರಿ,” ಎಂದು ಅಧ್ಯಕ್ಷರು ಎದ್ದರು. ಬರೆದೆ. ಗುತ್ತಿಗೆದಾರರಿಗೆ ಎಚ್ಚರಿಕೆಯ ಪತ್ರ, ಅದನ್ನೂ ಬರೆದೆ. ಒಂದು ಪ್ರತಿ ಕಾರ್ಖಾನೆಗೆ ಹೋಗಬೇಕಿತ್ತು. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಅಂಚೆ ಡಬ್ಬಿಗೆ ಹಾಕಿದವನೂ ನಾನೇ.

ವಾರ ಕಳೆಯುವುದರೊಳಗೆ ಅವನ ಅಕ್ಕ ನಮ್ಮ ಮನೆಗೆ ಬಂದಳು. ಕಾರವಾರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ರಜೆ ಹಾಕಿ ಬಂದಿದ್ದಳು. ಜಗಲಿಯಲ್ಲಿ ಕೂತು, ಚೀಲದಿಂದ ಆ ಪತ್ರ ತೆಗೆದು ಮಂಡಿಯ ಮೇಲೆ ಬಿಡಿಸಿಟ್ಟಳು.

“ಮಾಸ್ತರ್ರೇ, ಇದ್ನ ಬರ್ದದ್ದು ನೀವೇ ಅಲ್ಲಾ? ಅಕ್ಷರ ನೋಡೇ ಗೊತ್ತಾಯ್ತು. ಅವ್ನ ಶಾಲೆ ಸರ್ಟಿಫಿಕೇಟೆಲ್ಲ ಇದೇ ಅಕ್ಷರದಲ್ಲಿ ಅದೆ.”

ಹೌದೆಂದೆ.

“ಅವ ತಪ್ಪು ಮಾಡಿದಾನೆ. ಅದ್ರ ಬಗ್ಗೆ ಮಾತಾಡೂಕೆ ನಾ ಬರ್ಲಿಲ್ಲ. ಮೂರು ವರ್ಷ ಅಂತ ಹೆಂಗೆ ಬಂತು? ಅದೊಂದು ಹೇಳಿ.”

“ನಿಯಮ ಇದೆ,” ಎಂದೆ. ನಿಯಮದ ಪುಸ್ತಕದಲ್ಲಿ ಇದ್ದದ್ದು ‘ಸಮಿತಿಗೆ ಸರಿ ಕಂಡಷ್ಟು ಅವಧಿ’ ಎಂದಷ್ಟೇ.

“ಅವ್ನಿಗೆ ಈಗ ಇಪ್ಪತ್ತಾರು. ರೈಡರಿಗೆ ಮೂವತ್ತರ ಮೇಲೆ ಕಾಲು ಇರೂದಿಲ್ಲ ಅಂತ ನೀವೇ ಹೇಳ್ತಿದ್ರಂತೆ. ಇಪ್ಪತ್ತೊಂಬತ್ತಕ್ಕೆ ಯಾರು ಕರೀತ್ರು ಅವ್ನ?”

ನನ್ನ ಹೆಂಡತಿ ಕೋಕಂ ಶರಬತ್ತು ತಂದಿಟ್ಟಳು. ಬಂದವಳು ಮುಟ್ಟಲಿಲ್ಲ. ಪತ್ರವನ್ನು ಬಂದ ಮಡಿಕೆಗಳಲ್ಲೇ ಮಡಿಚಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಅವಳು ಗೇಟು ದಾಟಿದ ಮೇಲೆ ಹೆಂಡತಿ, “ಯಾರದು? ಅಳ್ತಾ ಇದ್ಲು,” ಎಂದಳು. ನನಗೆ ಅದು ಕಂಡಿರಲಿಲ್ಲ.

ತಿಂಗಳೊಳಗೆ ಕಾರ್ಖಾನೆಯವರು ಕರಾರು ಮುರಿದರು ಎಂದು ಯಾರೋ ಹೇಳಿದರು. ನಾನು ಶಾಲೆಗೆ ಹೋಗುತ್ತಿದ್ದೆ, ರಜೆಯಲ್ಲಿ ಅಂಪೈರ್ ಕೆಲಸಕ್ಕೂ ಹೋಗುತ್ತಿದ್ದೆ. ಮೊದಲಿನ ಹುರುಪಿರಲಿಲ್ಲ. ಎರಡನೆಯ ಪಂದ್ಯದ ಹೊತ್ತಿಗೇ ಯಾವಾಗ ಮುಗಿಯುತ್ತದಪ್ಪಾ ಅನಿಸುತ್ತಿತ್ತು.

ಒಂದು ವರ್ಷದ ಮೇಲೆ, ಕಾರವಾರದಿಂದ ಮರಳುವಾಗ, ಅರ್ಗಾದಲ್ಲಿ ಬಸ್ಸು ನಿಂತಿತು. ನೌಕಾನೆಲೆಯ ಕಟ್ಟಡಗಳ ಕೆಲಸದಿಂದ ಬಿಟ್ಟ ಜನ ಹತ್ತಿದರು. ಅವರ ನಡುವೆ ಅವನೂ ಇದ್ದ. ಕೊರಳಲ್ಲಿ ಪಾಸು, ಕಂಕುಳಲ್ಲಿ ಹಳದಿ ಹೆಲ್ಮೆಟ್ಟು. ಅಂಕೋಲೆಯಲ್ಲಿ ಏನೋ ಕೆಲಸವಿತ್ತಂತೆ. ನನ್ನ ಪಕ್ಕದ ಸೀಟು ಖಾಲಿಯಾದಾಗ ಬಂದು ಕೂತ. ಹೆಲ್ಮೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡ. ಕೊನೆಗೆ ನಾನೇ ಕೇಳಿದೆ.

“ಅವತ್ತು ನಾನು ನಿನ್ನ ಗುರುತು ಹಿಡಿದದ್ದು ನಿನಗೆ ಗೊತ್ತಿತ್ತಾ?”

“ಮೊದ್ಲನೇ ರೈಡಿಗೇ ಗೊತ್ತಾಯ್ತು ಮಾಸ್ತರ್. ನೀವು ನನ್ನ ಕಾಲು ನೋಡಿದ್ರಿ.”

“ಮತ್ತೆ ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ?”

“ಹೇಳಿ ಎಂತ ಮಾಡೂದು? ನಂದು ಕಮ್ಮಿ ಆಗ್ತಿತ್ತಾ?” ನಗಲು ನೋಡಿದ. “ನಾ ದುಡ್ಡು ತಗೊಂಡೇ ಆಡಿದ್ದು. ಸುಳ್ಳು ಹೆಸ್ರು ಬರ್ದದ್ದೂ ನನ್ನ ಕೈಯೇ. ಶಿಕ್ಷೆ ಬೇಡಾಗಿತ್ತು ಅಂತ ನಾ ಹೇಳೂದಿಲ್ಲ. ಒಂದು ವರ್ಷ ಆಗಿದ್ರೆ ಕಾರ್ಖಾನೆಯವ್ರು ಕಾಯ್ತಿದ್ರು. ಮ್ಯಾನೇಜರ್ ಹಂಗೇ ಅಂದ್ರು. ಮೂರು ಅಂದ ಮೇಲೆ ಅವ್ರೂ ಎಂತ ಮಾಡ್ತ್ರು?”

ಅಂಕೋಲೆ ಬಂತು. ಅವನು ನನ್ನ ಚೀಲ ಇಳಿಸಿಕೊಟ್ಟು ಹೋದ.

ಮುಂದಿನ ಸಭೆಗೆ ನಾನೊಂದು ಪತ್ರ ಬರೆದುಕೊಂಡು ಹೋದೆ. ಅವನನ್ನು ಗುರುತಿಸಿಯೂ ಆಟ ಮುಂದುವರಿಸಿದೆ, ವಿಚಾರಣೆಯಲ್ಲಿ ಸುಳ್ಳು ಹೇಳಿದೆ, ನನ್ನ ಮೇಲೆ ಕ್ರಮ ಕೈಗೊಳ್ಳಿ, ಅವನ ಉಳಿದ ಅವಧಿ ಮನ್ನಾ ಮಾಡಿ ಎಂದು ಅದರಲ್ಲಿತ್ತು. ಅಧ್ಯಕ್ಷರು ಓದಿದರು, ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು.

“ಈಗ ಇದ್ನೆಲ್ಲ ಯಾಕೆ ತೆಗೀತ್ರಿ ಮಾಸ್ತರ್ರೇ? ಅಂಪೈರಿಗೆ ಶಿಕ್ಷೆ ಕೊಡೂಕೆ ನಮ್ಮ ಪುಸ್ತಕದಲ್ಲಿ ಕಲಮೇ ಇಲ್ಲ.”

“ಅವನದ್ದಾದರೂ ಕಡಿಮೆ ಮಾಡಬಹುದಲ್ಲ?”

“ಒಂದ್ಸಲ ತಿದ್ದಿದ್ರೆ ನಾಳೆ ಎಲ್ರೂ ಬಾಗ್ಲಿಗೆ ಬತ್ರು. ಬಿಟ್ಟಾಕಿ.”

ಪತ್ರವನ್ನು ನನ್ನ ಕೈಗೇ ವಾಪಸು ಕೊಟ್ಟರು. ನಾನು ತೆಗೆದುಕೊಂಡೆ. ಇಲ್ಲ, ದಾಖಲೆಗೆ ಸೇರಿಸಿ ಎಂದು ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಅಂದಿನ ಸಭೆಯಲ್ಲಿ ಬೇರೊಬ್ಬನ ವಿಚಾರಣೆಯಿತ್ತು, ಅದಕ್ಕೂ ನಾನೇ ಬರೆದೆ.

ಮೂರು ವರ್ಷ ಮುಗಿಯಿತು. ಅವನು ಹೊಸದಾಗಿ ಹೆಸರು ನೋಂದಾಯಿಸಿ ಒಂದು ಹಂಗಾಮು ಆಡಿದ. ಕಾರವಾರದಲ್ಲಿ ಒಮ್ಮೆ ನಾನು ಜನರ ನಡುವೆ ನಿಂತು ನೋಡಿದೆ. ಕಟ್ಟಡದ ಕೆಲಸದಲ್ಲಿ ಮಂಡಿ ಹೋಗಿತ್ತು. ಎಳೆಯ ಆಟಗಾರರು ಅವನನ್ನು ಸಲೀಸಾಗಿ ಹಿಡಿಯುತ್ತಿದ್ದರು, ಹಿಡಿದ ಮೇಲೆ ಎಬ್ಬಿಸಲು ಕೈ ಕೊಡುತ್ತಿದ್ದರು. ಆಮೇಲೆ ಅವನು ಅಂಪೈರ್ ಪರೀಕ್ಷೆಗೆ ಅರ್ಜಿ ಹಾಕಿದ. ನಾನು ಶಿಫಾರಸು ಬರೆದುಕೊಟ್ಟೆ. ‘ಶಿಸ್ತು ಕ್ರಮಕ್ಕೆ ಒಳಗಾದವರಿಗೆ ಅವಕಾಶವಿಲ್ಲ’ ಎಂಬ ಒಂದು ಸಾಲಿನೊಂದಿಗೆ ಅರ್ಜಿ ವಾಪಸು ಬಂತು. ಶಿಕ್ಷೆ ಮುಗಿದಿದೆಯಲ್ಲ ಎಂದು ಕೇಳಿದ್ದಕ್ಕೆ, ಶಿಕ್ಷೆ ಮುಗಿದಿದೆ, ಆದರೆ ದಾಖಲೆ ಇದೆಯಲ್ಲ ಎಂದರು. ಅದೇ ವರ್ಷ ಜಿಲ್ಲಾ ಪಂದ್ಯಗಳ ಸ್ವಾಗತ ಸಮಿತಿಗೆ ಗುತ್ತಿಗೆದಾರರು ಅಧ್ಯಕ್ಷರು. ನಾನು ಸಮಿತಿ ಬಿಟ್ಟೆ. ಯಾಕೆಂದು ಯಾರೂ ಕೇಳಲಿಲ್ಲ, ವಯಸ್ಸಾಯಿತೆಂದುಕೊಂಡರು.

ಅವನು ಈಗಲೂ ಚಿತ್ತಾಕುಲದಲ್ಲಿದ್ದಾನೆ. ದಿನದ ಕೆಲಸ ಮುಗಿದ ಮೇಲೆ ಸಂಜೆ ಅಲ್ಲಿನ ಮರಳಿನಲ್ಲಿ ಏಳೆಂಟು ಹುಡುಗಿಯರಿಗೆ ಕಬಡ್ಡಿ ಹೇಳಿಕೊಡುತ್ತಾನೆ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ನಾನು ಕೆಲವು ಭಾನುವಾರ ಅಲ್ಲಿಗೆ ಹೋಗಿ ದೋಣಿಯ ನೆರಳಲ್ಲಿ ಕೂರುತ್ತೇನೆ. ಮಂಡಿಯ ಎಣ್ಣೆಯ ಬಗ್ಗೆ, ಅವನ ಅಕ್ಕನ ಮಗುವಿನ ಬಗ್ಗೆ ಮಾತಾಡುತ್ತೇವೆ. ಹಳೆಯದನ್ನು ಇಬ್ಬರೂ ಎತ್ತುವುದಿಲ್ಲ. ಒಮ್ಮೆ ಮಾತ್ರ ಅವನೇ ಕೇಳಿದ.

“ಮಾಸ್ತರ್, ಈಗ ನಿಮ್ಮೊಬ್ರ ಕೈಲೇ ಬಿಟ್ಟಿದ್ರೆ ನಂಗೆ ಎಷ್ಟು ಕೊಡ್ತಿದ್ರಿ?”

“ಒಂದು ವರ್ಷ.”

“ಕರ್ಸಿದವ್ರಿಗೆ?”

“ಐದು.”

ಅವನು ಮರಳಿನಲ್ಲಿ ಬೆರಳಾಡಿಸಿದ. “ನಿಮ್ಗೆ?” ಎಂದ.

ಕುಹಕದಿಂದ ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದ. ನಾನು ಲೆಕ್ಕ ಹಾಕಲು ನೋಡಿದೆ. ಒಂದು ಎಂದರೆ ನಾಚಿಕೆಯಾಗುತ್ತದೆ, ಹತ್ತು ಎಂದರೆ ಬರೀ ಬಾಯಿಮಾತಾಗುತ್ತದೆ. ಉತ್ತರ ಹುಡುಕುತ್ತಿರುವಾಗಲೇ ಹುಡುಗಿಯರು ಯಾವುದೋ ಔಟಿಗೆ ಜಗಳ ಶುರು ಮಾಡಿದರು. ಅವನು ಮಂಡಿ ಹಿಡಿದುಕೊಂಡು ನಿಧಾನಕ್ಕೆ ಎದ್ದು ಅವರ ಕಡೆ ಹೋದ.