ಮನೆಯಲ್ಲಿ ಕೊನೆಗೆ ಹುಟ್ಟುಹಬ್ಬವಾದವರು

ಅರವತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ನಾನು ಶಿರಸಿಯ ಒಂದು ಮಾಳಿಗೆ ಕೋಣೆಯಲ್ಲಿ ಕುಳಿತು ಮೈಸೂರು ರಾಜ್ಯದ ಜನರ ಅಭಿಪ್ರಾಯ ಸಂಗ್ರಹಿಸುತ್ತಿದ್ದೆ. ನನ್ನ ಪಾಲಿಗೆ ಬಂದ ರಾಜ್ಯದ ಜನ ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಟೆಲಿಫೋನ್ ಇಟ್ಟುಕೊಂಡವರು. ಉಳಿದವರಿಗೂ ಅಭಿಪ್ರಾಯ ಇದ್ದಿರಬೇಕು, ಆದರೆ ನಂಬರು ಇರಲಿಲ್ಲ.

ಕೆಲಸ ಕೊಟ್ಟದ್ದು ಬೆಂಗಳೂರಿನ ಒಂದು ಸಂಸ್ಥೆ. ಅಲ್ಲಿಂದ ನಮ್ಮ ಕಡೆಗೆ ಬೆಳಿಗ್ಗೆ ಟ್ರಂಕ್ ಕಾಲ್ ಬುಕ್ ಮಾಡಿದರೆ ಸಂಜೆ ಸಿಗುತ್ತಿತ್ತು. ಸಿಕ್ಕರೂ ನಮ್ಮವರ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಆಯಾ ಸೀಮೆಯಲ್ಲೇ ಒಂದು ಕೋಣೆ, ಒಂದು ಟೆಲಿಫೋನು, ಪ್ರಶ್ನೆ ಓದಲು ಒಂದು ಹೆಣ್ಣುದನಿ, ಆ ದನಿಯನ್ನು ಕಾಯಲು ಒಬ್ಬ ಮೇಲ್ವಿಚಾರಕ ಎಂದು ಏರ್ಪಾಡಾಗಿತ್ತು. ಹೆಣ್ಣುದನಿಯಾದರೆ ಜನ ಫೋನು ಕೆಳಗಿಡುವುದಿಲ್ಲ ಎಂದು ಯಾರೋ ಕಂಡುಹಿಡಿದಿದ್ದರಂತೆ. ನಮ್ಮ ಮೇಲ್ವಿಚಾರಕರು ಬೆಂಗಳೂರಿನವರು. ಈ ಊರಿನಲ್ಲಿ ಅವರು ನಂಬುತ್ತಿದ್ದದ್ದು ಎರಡನ್ನೇ: ಕುದಿಸಿ ಆರಿಸಿದ ನೀರು ಮತ್ತು ತಾವೇ ಜೊತೆಗೆ ತಂದಿದ್ದ ನಿಯಮದ ಪುಸ್ತಕ.

ನಿಯಮಗಳನ್ನು ನಾನು ಈಗಲೂ ಹೇಳಬಲ್ಲೆ. ಡೈರೆಕ್ಟರಿಯಲ್ಲಿದ್ದ ನಂಬರುಗಳನ್ನೆಲ್ಲ ಚೀಟಿಯಲ್ಲಿ ಬರೆದು, ಒಂದು ಡಬ್ಬಿಗೆ ಹಾಕಿ, ಕಣ್ಣುಮುಚ್ಚಿ ಎತ್ತಬೇಕು. ಬಂದ ನಂಬರನ್ನು ಎಕ್ಸ್‌ಚೇಂಜಿನವರಿಗೆ ಕೊಡಬೇಕು. ಫೋನು ಎತ್ತಿದವರನ್ನೇ ಪ್ರಶ್ನೆ ಕೇಳುವಂತಿಲ್ಲ, ಯಾಕೆಂದರೆ ಎಲ್ಲ ಮನೆಗಳಲ್ಲೂ ಎತ್ತುವವನು ಯಜಮಾನನೇ. ಮೊದಲು ಮನೆಯಲ್ಲಿ ಪ್ರಾಯಕ್ಕೆ ಬಂದವರು ಎಷ್ಟು ಮಂದಿ ಎಂದು ಕೇಳಬೇಕು, ಆಮೇಲೆ ಅವರಲ್ಲಿ ತೀರ ಈಚೆಗೆ ಹುಟ್ಟುಹಬ್ಬವಾದವರು ಯಾರು ಎಂದು ಕೇಳಿ ಆ ಒಬ್ಬರ ಬಳಿ ಮಾತ್ರ ಮಾತಾಡಬೇಕು. ಅವರು ಮನೆಯಲ್ಲಿಲ್ಲದಿದ್ದರೆ ಯಾವಾಗ ಸಿಗುತ್ತಾರೆಂದು ಬರೆದುಕೊಂಡು ಆ ಹೊತ್ತಿಗೆ ಮತ್ತೆ ಕರೆಯಬೇಕು. ಎಂಟು ಪ್ರಶ್ನೆಗಳನ್ನು ಬರೆದದ್ದು ಬರೆದ ಹಾಗೇ ಓದಬೇಕು. ಉತ್ತರ ಕೇಳಿ ಹೌದೌದು ಅನ್ನಬಾರದು, ಅಯ್ಯೋ ಅನ್ನಬಾರದು, ನಗಬಾರದು. ಉತ್ತರ ಕೊಡುವವರು ಪಕ್ಕದವರನ್ನು ಕೇಳಿ ಹೇಳಬಾರದು. ಕೇಳುವವಳಿಗೆ ಆ ಮನೆಯವರು ನೆಂಟರಾಗಿದ್ದರೆ ನಂಬರನ್ನು ಮೇಲ್ವಿಚಾರಕರಿಗೆ ಒಪ್ಪಿಸಬೇಕು.

ಹುಟ್ಟುಹಬ್ಬದ ನಿಯಮ ಮೊದಲ ದಿನವೇ ಮಕಾಡೆ ಮಲಗಿತು. ನಮ್ಮ ಸೀಮೆಯಲ್ಲಿ ತಾರೀಖು ಎನ್ನುವುದು ಶಾಲೆಗೆ ಸೇರಿಸುವಾಗ ಮಾಸ್ತರರು ಕೊಡುವ ವಸ್ತು. ಅವರು ಎಲ್ಲರಿಗೂ ಜೂನ್ ಒಂದನ್ನೇ ಕೊಟ್ಟಿದ್ದರು. ಹೀಗಾಗಿ ಯಲ್ಲಾಪುರದ ಒಂದು ಮನೆಯಲ್ಲಿ ಅಣ್ಣ, ತಮ್ಮ, ಇಬ್ಬರ ಹೆಂಡಂದಿರು ಎಲ್ಲರೂ ಒಂದೇ ದಿನ ಹುಟ್ಟಿದವರು ಎಂದು ಗೊತ್ತಾಯಿತು. ಮೇಲ್ವಿಚಾರಕರು ತಲೆ ಮೇಲೆ ಕೈ ಹೊತ್ತು ಕೂತರು. ನಾನು ತಿಥಿ ಕೇಳಿದರೆ ಹೇಳುತ್ತಾರೆ ಅಂದೆ. ಅವರು ಪೇಟೆಗೆ ಹೋಗಿ ಒಂದು ಪಂಚಾಂಗ ಕೊಂಡು ತಂದು ಗೋಡೆಗೆ ನೇತುಹಾಕಿ, ಬೆಂಗಳೂರಿಗೆ ಕಾಗದ ಬರೆದು ಅದಕ್ಕೆ ಒಪ್ಪಿಗೆಯನ್ನೂ ತರಿಸಿದರು.

ಪಕ್ಕದವರನ್ನು ಕೇಳಬಾರದು ಎಂಬ ನಿಯಮಕ್ಕೆ ಮಾತ್ರ ಮದ್ದಿರಲಿಲ್ಲ. ಒಬ್ಬನೇ ಕುಳಿತು ಒಂದು ವಿಷಯಕ್ಕೆ ಹೌದು ಅಥವಾ ಇಲ್ಲ ಅನ್ನುವುದು ನಮ್ಮಲ್ಲಿ ಅಹಂಕಾರದ ಲಕ್ಷಣ. ನಂದೊಳ್ಳಿ ಕಡೆಯ ಒಬ್ಬರು ಯಲ್ಲಾಪುರ ಪೇಟೆಯಲ್ಲಿ ಅಂಗಡಿ ಇಟ್ಟಿದ್ದರು. ಅವರು ಪ್ರತಿ ಪ್ರಶ್ನೆ ಕೇಳಿದ ಮೇಲೂ ಬೆಂಚಿನ ಮೇಲೆ ಕೂತ ಗಿರಾಕಿಗಳಿಗೆ ಅದನ್ನು ಗಟ್ಟಿಯಾಗಿ ಹೇಳಿ, ಅಲ್ಲಿ ಚರ್ಚೆಯಾಗಿ, ಎಲ್ಲರೂ ಒಪ್ಪಿದ ಮೇಲೆ ನನಗೆ ತಿಳಿಸುತ್ತಿದ್ದರು. ಬನವಾಸಿ ಕಡೆಯ ಒಬ್ಬ ವ್ಯಾಪಾರಸ್ಥರಂತೂ ನನ್ನ ಕಷ್ಟ ನೋಡಲಾರದೆ, “ನಿಮಗ ಹೆಂಗ ಅನುಕೂಲನೋ ಹಂಗ ಬರ್ಕೋರಿ ಬಾಯಾರ, ನಮ್ದೇನೂ ತಕರಾರಿಲ್ಲ,” ಅಂದರು.

ಎಲ್ಲಕ್ಕಿಂತ ದೊಡ್ಡ ಉಪಕಾರ ಮಾಡಿದವರು ಎಕ್ಸ್‌ಚೇಂಜಿನ ಆಪರೇಟರು. ನನ್ನ ಲೈನು ಜೋಡಿಸುವ ಮೊದಲೇ ಅವರು ಆ ಮನೆಯವರಿಗೆ, “ಎಂಟು ಪ್ರಶ್ನೆ ಕೇಳ್ತು ಒಂದು ಕೂಸು. ಹೆದರಡಿ. ನಾಕನೇದಕ್ಕೆ ಎಲ್ಲರೂ ಸರಿಯಲ್ಲ ಹೇಳಿದ್ದ,” ಎಂದು ತಿಳಿಸಿಬಿಡುತ್ತಿದ್ದರು. ಆ ಕೂಸು, ಅಂದರೆ ಹುಡುಗಿ, ನಾನೇ. ಒಂದೇ ಊರಿನವರು ಬೇರೆ ಬೇರೆ ಹೇಳಿ ಮರ್ಯಾದೆ ಕಳೆದುಕೊಳ್ಳಬಾರದು ಎಂಬುದು ಅವರ ಕಾಳಜಿ. ಮೂರು ತಾಲೂಕುಗಳು ಹೀಗೆ ಒಮ್ಮತಕ್ಕೆ ಬಂದದ್ದನ್ನು ಕಂಡು ಮೇಲ್ವಿಚಾರಕರು ಮೊದಲು ಹಿಗ್ಗಿದರು, ಆಮೇಲೆ ಸಂಶಯಪಟ್ಟರು, ಕೊನೆಗೆ ಎಕ್ಸ್‌ಚೇಂಜಿಗೆ ಹೋಗಿ ಕೈ ಮುಗಿದು ಬಂದರು.

ಆ ನಾಲ್ಕನೆಯ ಪ್ರಶ್ನೆ ಇದು: ಮದುವೆಯಾಗದ ಹೆಣ್ಣುಮಕ್ಕಳು ಮನೆ ಬಿಟ್ಟು ಬೇರೆ ಊರಿನಲ್ಲಿದ್ದು ಕೆಲಸ ಮಾಡುವುದು ಸರಿಯೇ, ಸರಿಯಲ್ಲವೇ, ಹೇಳಲಾರಿರಾ? ನಾನು ಮದುವೆಯಾಗದೆ, ಮನೆ ಬಿಟ್ಟು, ಬೇರೆ ಊರಿನಲ್ಲಿ ಕುಳಿತು ದಿನವಿಡೀ ಸರಿಯಲ್ಲ, ಸರಿಯಲ್ಲ ಎಂದು ಬರೆದುಕೊಳ್ಳುತ್ತಿದ್ದೆ. ಅಕ್ಷರ ದುಂಡಗಿದೆ ಎಂದು ಮೇಲ್ವಿಚಾರಕರು ಹೊಗಳುತ್ತಿದ್ದರು.

ನನ್ನ ಮನೆ ಸಿದ್ದಾಪುರದಲ್ಲಿ. ಅಪ್ಪಯ್ಯನಿಗೆ ಅಲ್ಲಿ ಒಂದು ಅಕ್ಕಿ ಗಿರಣಿ ಇತ್ತು. ಮನೆಗೂ ಗಿರಣಿಗೂ ಸೇರಿ ಇದ್ದ ಒಂದೇ ಫೋನು ಗಿರಣಿಯಲ್ಲಿತ್ತು. ಕೋಲಸಿರ್ಸಿ ಕಡೆಯ ಭತ್ತವೆಲ್ಲ ಅಲ್ಲಿಗೇ ಬರುತ್ತಿತ್ತು. ಟೈಪಿಂಗ್ ಕಲಿತ ಮೇಲೆ ಮನೆಗೆ ಬಂದ ಒಂದು ಸಂಬಂಧವನ್ನು ಬೇಡ ಎಂದು ನಾನು ಶಿರಸಿಗೆ ಬಂದು, ಒಬ್ಬ ಮುದುಕಿಯ ಮನೆಯಲ್ಲಿ ಕೋಣೆ ಹಿಡಿದೆ. ಅಪ್ಪಯ್ಯ ಬೈಯಲಿಲ್ಲ, ತಡೆಯಲಿಲ್ಲ. ಮಾತು ಬಿಟ್ಟ, ಅಷ್ಟೇ. ಅಮ್ಮ ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದಳು, ಅದರಲ್ಲಿ ಅವನ ಸುದ್ದಿ ಇರುತ್ತಿರಲಿಲ್ಲ. ಮೂರು ಸಲ ಅಂಚೆ ಕಚೇರಿಯಿಂದ ಗಿರಣಿಗೆ ಫೋನು ಮಾಡಿದ್ದೆ. ಮೂರು ಸಲವೂ ಅಪ್ಪಯ್ಯ ನನ್ನ ದನಿ ಕೇಳಿದ್ದೇ ರಿಸೀವರನ್ನು ಮೇಜಿನ ಮೇಲೆ ಇಟ್ಟುಬಿಟ್ಟ. ನಾನು ಪೂರ್ತಿ ಮೂರು ನಿಮಿಷ ಅಕ್ಕಿ ಗಿರಣಿ ಓಡುವುದನ್ನು ಕೇಳಿಸಿಕೊಂಡು, ರಶೀದಿ ಪಡೆದು ವಾಪಸು ಬಂದೆ. ನಾಲ್ಕನೆಯ ಸಲ ಹೋಗಲಿಲ್ಲ. ಹೀಗೆ ಎರಡು ವರ್ಷಕ್ಕೆ ಬಂದಿತ್ತು. ಹಟ ನನ್ನಲ್ಲೂ ಇತ್ತು. ಆದರೆ ಅಪ್ಪಯ್ಯನಿಗೆ ನಾನು ಮಗಳು ಹೌದೋ ಅಲ್ಲವೋ ಎಂಬುದು ಗೊತ್ತಾಗದೆ ನನಗೆ ಅನ್ನ ರುಚಿಸುತ್ತಿರಲಿಲ್ಲ.

ಒಂದು ಮಂಗಳವಾರ ಡಬ್ಬಿಯಿಂದ ಗಿರಣಿಯ ನಂಬರು ಬಂತು.

ಅದನ್ನು ಮೇಲ್ವಿಚಾರಕರಿಗೆ ಒಪ್ಪಿಸಬೇಕಿತ್ತು. ಅವರು ಎದುರಿಗೇ ಕುಳಿತು ನೀರು ಆರಿಸುತ್ತಿದ್ದರು. ನನಗೆ ಅಪ್ಪಯ್ಯನ ದನಿ ಕೇಳಬೇಕಿತ್ತು. ನಂಬರನ್ನು ಎಕ್ಸ್‌ಚೇಂಜಿಗೆ ಕೊಟ್ಟೆ.

“ಹಲೋ,” ಎಂದ ಅಪ್ಪಯ್ಯ. ಹಿಂದೆ ಗಿರಣಿ ಓಡುತ್ತಿತ್ತು.

ಮೇಲ್ವಿಚಾರಕರು ಎದುರಿಗಿದ್ದುದರಿಂದ ನಾನು ಬರೆದದ್ದನ್ನೇ ಓದಿದೆ. “ನಮಸ್ಕಾರ. ರಾಜ್ಯದ ಜನರ ಅಭಿಪ್ರಾಯ ತಿಳಿಯಲು ಶಿರಸಿಯಿಂದ ಮಾತಾಡುತ್ತಿದ್ದೇನೆ. ತಮ್ಮ ಕೆಲವು ನಿಮಿಷ ಕೊಡುವಿರಾ?”

ರಿಸೀವರು ಮೇಜಿನ ಮೇಲೆ ಕೂರುವ ಸದ್ದಿಗೆ ಕಾದೆ. ಅದು ಬರಲಿಲ್ಲ. ಉಸಿರು ಕೇಳುತ್ತಿತ್ತು.

“ಕೇಳಿ,” ಎಂದ. ಹುಟ್ಟಿದಂದಿನಿಂದ ಅಪ್ಪಯ್ಯ ನನಗೆ ಬಹುವಚನ ಕೊಟ್ಟದ್ದು ಅದೇ ಮೊದಲು.

“ತಮ್ಮ ಮನೆಯಲ್ಲಿ ಪ್ರಾಯಕ್ಕೆ ಬಂದವರು ಎಷ್ಟು ಮಂದಿ?”

ಅಪ್ಪಯ್ಯ, ಅಮ್ಮ, ಅಜ್ಜಿ. ನಾನು ಆಗಲೇ ಮೂರು ಎಂದು ಬರೆಯಲು ಪೆನ್ನು ಊರಿದ್ದೆ.

“ನಾಕು,” ಎಂದ.

ಉತ್ತರವನ್ನು ಮತ್ತೆ ಕೇಳಬಾರದು ಎಂದು ನಿಯಮ. ಕೇಳಲಿಲ್ಲ. ನಾಲ್ಕು ಎಂದು ಬರೆದೆ. ಆ ದಿನದ ಹಾಳೆಗಳಲ್ಲಿ ಅದೊಂದೇ ಅಕ್ಷರ ದುಂಡಗೆ ಬರಲಿಲ್ಲ.

“ಅವರಲ್ಲಿ ತೀರ ಈಚೆಗೆ ಹುಟ್ಟುಹಬ್ಬವಾದವರು ಯಾರು? ತಿಥಿ ಹೇಳಿದರೂ ನಡೆಯುತ್ತದೆ.”

“ಯನ್ನ ಮಗಳದ್ದು. ಹೋದ ವಾರ. ಪುಷ್ಯ ಬಹುಳ ಪಂಚಮಿ.” “ಅವತ್ತು ಮನೇಲಿ ಪಾಯಸ ಆಗಿತ್ತು,” ಎಂದೂ ಸೇರಿಸಿದ. ಪಾಯಸಕ್ಕೆ ಹಾಳೆಯಲ್ಲಿ ಜಾಗ ಇರಲಿಲ್ಲ. ನಾನು ಗೋಡೆಯ ಪಂಚಾಂಗ ನೋಡಿದೆ. ಪಂಚಮಿ ಸರಿಯಾಗಿತ್ತು. ನನಗೇ ಅದು ಮರೆತುಹೋಗಿತ್ತು.

“ಹಾಗಾದರೆ ಅವರನ್ನು ಫೋನಿಗೆ ಕರೆಯುವಿರಾ?” ಹೀಗೆ ಕೇಳಬೇಕೆಂದೇ ಹಾಳೆಯಲ್ಲಿತ್ತು. ಮೇಲ್ವಿಚಾರಕರು ನನ್ನ ಮುಖ ನೋಡಿದರು. ನೆಗಡಿ ಎಂದು ಮೂಗು ಮುಟ್ಟಿ ತೋರಿಸಿದೆ.

“ಅದು ಮನೇಲಿ ಇಲ್ಲೆ.”

“ಅವರು ಮನೆಯಲ್ಲಿ ಯಾವಾಗ ಸಿಗುತ್ತಾರೆ?”

ನಡುವೆ ಆಪರೇಟರು ಬಂದು ಮೂರು ನಿಮಿಷ ಆಯಿತು, ಮುಂದುವರಿಸಲೋ ಎಂದು ಕೇಳಿದರು. ಉತ್ತರ ಹೇಳಬೇಕಾದವಳು ನಾನು. ಆದರೆ ಆ ಕಡೆಯಿಂದ ಅಪ್ಪಯ್ಯನೇ, “ಇರಲಿ ಮಾರಾಯ, ಕಡಿಯಡ,” ಎಂದು ಜೋರು ಮಾಡಿದ. ಆಮೇಲೆ ದನಿ ಇಳಿಸಿ, “ಯಾವಾಗ ಬತ್ತು ಹೇಳಿ ಯಂಗೆ ಗೊತ್ತಿಲ್ಲೆ. ನಿಂಗಕ್ಕೆ ಗೊತ್ತಿದ್ರೆ ನಿಂಗನೇ ಬರ್ಕಳಿ,” ಅಂದ.

ಹಾಳೆಯ ಕೊನೆಯಲ್ಲಿ ದಿನ, ಹೊತ್ತು ಎಂದು ಎರಡು ಖಾಲಿ ಜಾಗಗಳಿದ್ದವು. ಶನಿವಾರ, ಸಂಜೆ ಐದೂವರೆ ಎಂದು ಬರೆದೆ. ಬರೆದದ್ದನ್ನು ಓದಿ ಹೇಳಿ ಒಪ್ಪಿಗೆ ಪಡೆಯಬೇಕೆಂದೂ ನಿಯಮವಿತ್ತು. ಓದಿ ಹೇಳಿದೆ.

“ಅಕ್ಕು,” ಎಂದು ಒಪ್ಪಿದ ಅಪ್ಪಯ್ಯ.

ಶನಿವಾರ ಅರ್ಧ ದಿನ ರಜೆ ಕೇಳಿದೆ. ಮೇಲ್ವಿಚಾರಕರು ನೆಗಡಿಗೆ ಕುದಿಸಿದ ನೀರು ಕುಡಿಯಲು ಹೇಳಿ, ಆ ದಿನದ ಕರೆಗಳನ್ನು ತಾವೇ ಮಾಡುತ್ತೇನೆ ಎಂದರು. ನಾನು ಸಿದ್ದಾಪುರದ ಬಸ್ಸು ಹತ್ತಿದೆ. ಅಜ್ಜಿ ನನ್ನ ಕೆನ್ನೆ ಮುಟ್ಟಿ ಸಪೂರ ಆಗಿದ್ದೇನೆ ಅಂದಳು. ಅಮ್ಮ ಏನನ್ನೂ ಕೇಳದೆ ತೆಳ್ಳೇವು ದೋಸೆ ಎರೆದು ಹಾಕಿದಳು, ಎರೆಯುತ್ತಲೇ ಕಣ್ಣು ಒರೆಸಿಕೊಂಡಳು. ಅಪ್ಪಯ್ಯ, “ಬಂದ್ಯ?” ಎಂದವನು ಗಿರಣಿಗೆ ಹೋಗಿ ಕುಳಿತ. ಐದೂವರೆಯ ಹೊತ್ತಿಗೆ ಅಮ್ಮ ನನ್ನನ್ನೂ ಅಲ್ಲಿಗೆ ಕಳಿಸಿದಳು.

ಫೋನು ಬಂತು. ಅಪ್ಪಯ್ಯ ಎತ್ತಿ, “ಹೌದು, ಇದ್ದು, ಕೊಡ್ತೆ,” ಎಂದು ರಿಸೀವರನ್ನು ನನ್ನ ಕೈಗಿಟ್ಟು ಎದುರಿನ ಸ್ಟೂಲಿನ ಮೇಲೆ ಕುಳಿತ. ನಾನು ಹಲೋ ಅಂದೆ. ಆ ಕಡೆ ಇದ್ದವರು ಮೇಲ್ವಿಚಾರಕರು. ನನ್ನ ದನಿ ಅವರಿಗೆ ತಿಳಿಯದೆ ಇರಲು ಸಾಧ್ಯವಿಲ್ಲ. ಪುಸ್ತಕದ ಪುಟ ತಿರುವುವ ಸದ್ದು ಕೇಳಿತು. ಪ್ರಶ್ನೆ ಕೇಳುವವಳು ನೆಂಟಳಾಗಿದ್ದರೆ ಏನು ಮಾಡಬೇಕೆಂದು ಅದರಲ್ಲಿತ್ತು. ಉತ್ತರ ಕೊಡುವವಳೇ ಆಗಿದ್ದರೆ ಏನು ಮಾಡಬೇಕೆಂದು ಇರಲಿಲ್ಲ.

“ನಮಸ್ಕಾರ,” ಎಂದು ಅವರು ಓದತೊಡಗಿದರು. ಮೊದಲ ಮೂರು ಪ್ರಶ್ನೆಗಳು ರಸ್ತೆ, ಬಸ್ಸು, ಶಾಲೆಯವು. ಥಟ್ಟನೆ ಉತ್ತರ ಹೇಳಿದೆ. ಆಮೇಲೆ ನಾಲ್ಕನೆಯದನ್ನು ಓದಿದರು. ಸರಿಯೇ, ಸರಿಯಲ್ಲವೇ, ಹೇಳಲಾರಿರಾ?

ಅಪ್ಪಯ್ಯನ ಕಡೆ ನೋಡಿದೆ.

“ಯನ್ನ ಮೋರೆ ಎಂತಕ್ಕೆ ನೋಡ್ತೆ?” ಎಂದ ಅಪ್ಪಯ್ಯ. “ಕೇಳಿದ್ದು ನಿನ್ನ. ನೀನೇ ಹೇಳು.”

ಹೇಳಿದೆ. ಅಪ್ಪಯ್ಯ ಎದ್ದು ಹೋಗಲಿಲ್ಲ. ಎಂಟೂ ಪ್ರಶ್ನೆ ಮುಗಿಯುವ ತನಕ ಅಲ್ಲೇ ಕೂತಿದ್ದ.