ಚಾಚಿ ಆರಿಸಿದ ಮರಿ

ನನ್ನ ಮೊಮ್ಮಗ ಇವತ್ತು ನಡೆದ! ಅಂಗಳದಲ್ಲಿ ಮಲಗಿದ್ದ ನಮ್ಮ ನಾಯಿಯ ಬೆನ್ನಿನ ಕೂದಲು ಹಿಡಿದು ಎದ್ದ, ಅದರ ಕಿವಿ ಜಗ್ಗಿದ, ಆಮೇಲೆ ಕೈ ಬಿಟ್ಟು ತೂರಾಡುತ್ತ ನನ್ನ ಕಡೆ ಬಂದ. ನಾಯಿ ಮಿಸುಕಲಿಲ್ಲ. ಊರೆಲ್ಲ ಅಂಜುಬುರುಕಿ ಎಂದು ಕರೆದ ನಾಯಿ ಇದು. ಕೂಸನ್ನು ಎತ್ತಿ ಮುದ್ದಾಡುವಾಗಲೂ ಆ ಮಾತಿನ ಸಿಟ್ಟು ನನಗೆ ಇಳಿದಿರಲಿಲ್ಲ.

ಇದನ್ನು ಆರಿಸಿ ಕೊಟ್ಟವಳು ಬಾಜು ಮನೆಯ ಚಾಚಿ. ಗೋರಂಟಿ ಹಚ್ಚಿ ಕೆಂಪಾದ ಕೂದಲು, ಬೆರಳಲ್ಲಿ ದಪ್ಪ ಬೆಳ್ಳಿಯ ಉಂಗುರ. ನಾಯಿಮರಿಯನ್ನು ಕಿವಿ ಹಿಡಿದು ಎತ್ತಿ, ಕುಂಯ್ ಎನ್ನದಿದ್ದರೆ ಗಟ್ಟಿ ಮರಿ ಎನ್ನುವವರ ತಲೆಗೆ ಆ ಉಂಗುರದಿಂದಲೇ ಕುಟ್ಟುತ್ತಿದ್ದಳು. "ನಿನ್ನ ಕಿವಿ ಹಿಡದು ಎತ್ತಲೇನ್ಲೇ?" ಎನ್ನುತ್ತಿದ್ದಳು.

ಕುರಿ ಕಾಯುವ ತಳಿಯ ಅವಳ ನಾಯಿ ಮರಿ ಹಾಕಿದಾಗ ನಮ್ಮ ಕುರಿಹಟ್ಟಿಗೂ ಒಂದು ಬೇಕೆಂದು ಹೋದೆವು. ಚಾಚಿ ನಾಯಿಮರಿಗಳ ನಡುವೆ ಒಂದು ಎಳೆಯ ಕುರಿಮರಿಯನ್ನು ಬಿಟ್ಟಳು. ಒಂದು ಹಾರಿ ಅದರ ಕಾಲು ಹಿಡಿಯಿತು. ನಮ್ಮನೆಯವರಿಗೆ ಅದೇ ಬೇಕಾಯಿತು. ಇನ್ನೊಂದು ಮೆಲ್ಲಗೆ ಹೋಗಿ, ಮುಖ ಅತ್ತ ಹೊರಳಿಸಿ, ಕುರಿಮರಿಗೆ ಮೈ ಹಚ್ಚಿ ಮಲಗಿತು. ಚಾಚಿ ಅದನ್ನು ನನ್ನ ಉಡಿಗೆ ಹಾಕಿದಳು. "ಕುರಿಗೆ ನಾಚೋ ನಾಯಿ ತೋಳಕ್ಕ ನಾಚೂದಿಲ್ಲ. ತಗೊಂಡ ಹೋಗ ಬೇ." ಜೋರಿನ ಮರಿಯನ್ನು ನನ್ನ ಮೈದುನ ಒಯ್ದ.

ಮರುವರ್ಷ ನಮ್ಮ ಕುರಿಯೂ ಮೈದುನನ ಕುರಿಯೂ ಮೇಯುತ್ತಿದ್ದ ಹೊಲಕ್ಕೆ ಹಾಡಹಗಲೇ ತೋಳ ಬಂತು. ಮೈದುನನ ನಾಯಿ ಬೊಗಳುತ್ತ ಅದರ ಬೆನ್ನು ಹತ್ತಿ ಹಳ್ಳ ದಾಟಿತು. ಹಿಂದಿನಿಂದ ಇನ್ನೊಂದು ತೋಳ ಬಂದು ಅವನ ಕುರಿಮರಿಯನ್ನು ಕಚ್ಚಿಕೊಂಡು ಹೋಯಿತು. ನಮ್ಮ ನಾಯಿ ನಮ್ಮ ಕುರಿ ಬಿಟ್ಟು ಕದಲಲಿಲ್ಲ, ನಮ್ಮದೊಂದು ಮರಿಯೂ ಹೋಗಲಿಲ್ಲ. ಆದರೂ ಓಡಿದ್ದು ಶೂರ ಅಂತೆ, ನಿಂತದ್ದು ಅಂಜುಬುರುಕಿ ಅಂತೆ! ಎಂಥ ನ್ಯಾಯ ಇದು? ನಮ್ಮನೆಯವರೂ ಊರವರ ಮಾತು ಕೇಳಿ, ಇದನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆಂದು ಕೊರಳಿಗೆ ಹಗ್ಗ ಹಾಕಿ ಎಳೆದುಕೊಂಡು ಹೊರಟರು.

ಚಾಚಿ ಕುಡುಗೋಲು ಹಿಡಿದೇ ಬಂದಳು. ಹಗ್ಗ ಕೊಯ್ದು ಅವರ ಕಾಲ ಬುಡಕ್ಕೆ ಒಗೆದಳು.

"ಇದೂ ಓಡಿ ಹೋಗಿದ್ರ ಕುರಿ ಯಾರ್ ಕಾಯ್ತಿದ್ರು? ನಿಮ್ಮಪ್ಪ ಬರ್ತಿದ್ನೇನ್ರಿ?"

ನಮ್ಮನೆಯವರು ಒಳಗೆ ಹೋದರು. ನಾಯಿ ಉಳಿಯಿತು.

ಆ ಶೂರ ನಾಯಿ ಈಗ ಮೈದುನನ ಮನೆಯಲ್ಲಿ ಸರಪಳಿಯಲ್ಲಿದೆ. ಮನೆಯ ಮಕ್ಕಳನ್ನೇ ಕಚ್ಚಿತು. ಚಾಚಿ ಈ ಸಲದ ಮಳೆಗಿಂತ ಮೊದಲೇ ತೀರಿಕೊಂಡಳು. ನನ್ನ ಕೂಸು ನಡೆದದ್ದನ್ನು ಆಕೆ ನೋಡಲಿಲ್ಲ.

ಸಂಜೆ ಗೋಧಿ ಹುಗ್ಗಿ ಮಾಡಿದೆ. ಚಾಚಿಯ ಸೊಸೆಯನ್ನೂ ಕರೆದೆ. ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತರು. ನಮ್ಮನೆಯವರು ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಈ ನಾಯಿಯನ್ನು ಆರಿಸಿದ್ದೇ ತಾವೆಂದು ಚಾಚಿಯ ಸೊಸೆಯ ಮುಂದೆ ಹೇಳತೊಡಗಿದರು. ತುಪ್ಪ ಬಡಿಸುತ್ತಿದ್ದ ನನ್ನ ಕೈ ನಿಂತಿತು.

"ಆರಿಸಿದಾಕಿ ಚಾಚಿ. ನೀವು ಹಗ್ಗ ತಂದಾವ್ರು," ಎಂದೆ.

ಅವರ ಪಾಲಿನ ತುಪ್ಪವನ್ನು ಅಂಗಳಕ್ಕೆ ಒಯ್ದು ನಾಯಿಯ ರೊಟ್ಟಿಯ ಮೇಲೆ ಸುರಿದೆ. ಒಳಗೆ ಎಲ್ಲರೂ ನಗುತ್ತಿದ್ದರು, ಚಾಚಿಯ ಸೊಸೆ ಕಣ್ಣೊರೆಸಿಕೊಂಡು ನಗುತ್ತಿದ್ದಳು. ನಮ್ಮನೆಯವರು ತುಪ್ಪವಿಲ್ಲದ ಹುಗ್ಗಿಯನ್ನು ತಲೆ ತಗ್ಗಿಸಿ ಉಂಡರು. ನಾನೂ ಅವರ ಬಾಜು ಕೂತು ಉಂಡೆ.